ಲಗೇಜಿನ ತಕ್ಕಡಿ

ಹನ್ನೊಂದು ಮಕ್ಕಳು, ಹಳೇ ಸೀರೆ ಹರಿದು ಹೊಸೆದ ಒಂದು ಹಗ್ಗ.
ಗಂಟಿಗೊಬ್ಬರಂತೆ ಹಿಡಿಸಿ
ಓಕಳಿಪುರದ ಅಂಡರ್‌ಪಾಸ್ ದಾಟಿಸಿದೆವು.
ಮುಂದೆ ನಾನು, ಹಿಂದೆ ಸಹಾಯಕಿ ಜಯಶೀಲಮ್ಮ,
ಅವಳ ಚೀಲದಲ್ಲಿ ಮೊಟ್ಟೆ, ನೀರು, ಎರಡು ಒಣ ಚಡ್ಡಿ.

ಇವರಿಗೆ ರೈಲು ತೋರಿಸಬೇಕಂತೆ.
ಮೇಲಿನಿಂದ ಸುತ್ತೋಲೆ ಬಂದಿದೆ.
ಇವರ ಮನೆ ಬಾಗಿಲು ತೆರೆದರೆ ಹಳಿ.
ಐದೂವರೆಯ ಗಾಡಿಗೆ ಸ್ಟೀಲ್ ಲೋಟ
ಗೂಡಿನಂಚಿಗೆ ಸರಿಯುತ್ತದೆ,
ಆರೂ ಹತ್ತರದಕ್ಕೆ ಬೀಳುತ್ತದೆ,
ಆಗ ಏಳುತ್ತಾಳೆ ಹುಲಿಗೆಮ್ಮ.
ಅಂಗನವಾಡಿಗೆ ಗಡಿಯಾರ ಬಂದದ್ದು ಹೋದ ವರ್ಷ.

ಚಾರ್ಟು ತೋರಿಸಿ ನಾನು ಚುಕುಬುಕು ಕಲಿಸಿದ ದಿನ
ಯಲ್ಲಾಲಿಂಗ ಎದ್ದು ನಿಂತಿದ್ದ:
'ಹಂಗ ಅನ್ನಂಗಿಲ್ರಿ ಮಿಸ್ ಅದು. ಝೊಂಯ್ ಅಂತೈತಿ.
ಆಮ್ಯಾಲ ನೆಲ ನಡಗತೈತಿ.
ಆಮ್ಯಾಲ ಏನೂ ಇರಂಗಿಲ್ಲ.'
ಅವತ್ತಿನಿಂದ ಆ ಚಾರ್ಟು
ಗೋಡೆಗೆ ಮುಖ ಮಾಡಿ ನಿಂತಿದೆ.

ಮ್ಯೂಸಿಯಮ್ಮಿನ ಅಂಗಳದಲ್ಲಿ ಕರೀ ಇಂಜಿನ್ನು,
ಮೊನ್ನೆ ಮೊನ್ನೆ ಬಳಿದ ಪೇಂಟಿನ ವಾಸನೆ.
'ಮುಟ್ಟಬೇಡಿ' ಅಂತ ಬೋರ್ಡು;
ಓದಲು ಬಾರದವರು ಮುಟ್ಟಿದರು.
ಮುಬೀನಾ ಕುಕ್ಕರಗಾಲಲ್ಲಿ ಕೂತು
ಹಳಿಗೆ ಕಿವಿಯಿಟ್ಟಳು, ಬಹಳ ಹೊತ್ತು.
'ಯಾವ್ದೂ ಬರ್ತಿಲ್ಲ ಮಿಸ್.'
ಹಳಿ ಇಪ್ಪತ್ತಡಿಗೇ ಮುಗಿದಿತ್ತು, ಆಚೆ ಕ್ರೋಟನ್ ಗಿಡ.
ಉಳಿದದ್ದು ಎಲ್ಲಿ ಹೋಯಿತೆಂದು
ಗಿಡದ ಹಿಂದೆ ಇಣುಕಿ ಬಂದ ತಿಪ್ಪೇಶ.
ಅವರಪ್ಪನದು ಗುಜರಿ ಅಂಗಡಿ,
ಕಬ್ಬಿಣದ ಲೆಕ್ಕ ಅವನಿಗೆ ಯಾರೂ ಕಲಿಸಬೇಕಿಲ್ಲ.

ಕಾವಲಿಗೆ ಬೈಯಣ್ಣ, ಗ್ಯಾಂಗ್‌ಮನ್ ಆಗಿದ್ದು ರಿಟೈರಾದವನು,
ಬಲಗೈಯಲ್ಲಿ ಮೂರೇ ಬೆರಳು.
ಮಕ್ಕಳು ಮೊದಲು ನೋಡಿದ್ದು ಅದನ್ನೇ,
ಇಂಜಿನ್ನನ್ನಲ್ಲ.
'ಇದು ಹೆಂಗೆ ಕೂಗ್ತಿತ್ತು ತಾತ?'
ಅವನು ಸುತ್ತ ನೋಡಿ,
ಸಾಹೇಬರಿಲ್ಲದ್ದು ಖಾತ್ರಿ ಮಾಡಿಕೊಂಡು,
ಹೊಟ್ಟೆಯ ಆಳದಿಂದ ತೆಗೆದ:
ಛುಕ್ಕು, ಭುಕ್ಕು, ಛುಕ್ಕುಭುಕ್ಕು,
ಕೊನೆಗೊಂದು ಸಿಳ್ಳೆ, ಬೆನ್ನಿಗೇ ಕೆಮ್ಮು.
ಹನ್ನೊಂದು ತಲೆಗಳೂ ನನ್ನ ಕಡೆ ತಿರುಗಿದವು.
ಮಿಸ್ ಸುಳ್ಳು ಹೇಳಿರಲಿಲ್ಲ.
ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ
ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಒಳಗೆ, ಪಾರ್ಸೆಲ್ ಆಫೀಸಿನ ತಕ್ಕಡಿ.
ತಗ್ಗು ಹಲಗೆ, ಆಳೆತ್ತರದಲ್ಲೊಂದು ದುಂಡು ಮುಖ, ಮುಳ್ಳು.
ನಾನೇನೂ ಹೇಳಲಿಲ್ಲ.
ತಾವೇ ಚಪ್ಪಲಿ ಬಿಟ್ಟು ಸಾಲು ನಿಂತರು
ತಿಂಗಳ ಮೊದಲ ಮಂಗಳವಾರದ ಹಾಗೆ,
ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು.
'ಒಬ್ಬೊಬ್ರಿಗೆಲ್ಲ ಮುಳ್ಳು ಏಳಲ್ಲಮ್ಮ,
ರೇಷ್ಮೆ ಮೂಟೆ ತೂಗಿದ್ದು ಇದು. ಎಲ್ಲಾ ಹತ್ಲಿ.'
ಹತ್ತಿದರು, ಹಗ್ಗದ ಸಮೇತ.
ಮುಳ್ಳು ನಡುಗಿ, ಮುಂದೆ ಹೋಗಿ, ಹಿಂದೆ ಬಂದು,
ಯೋಚಿಸಿ ನಿಂತಿತು:
ನೂರ ಮೂವತ್ತೊಂದು.

'ಮೂರು ಜನದ ಲಗೇಜು' ಅಂದ ಬೈಯಣ್ಣ,
'ಸ್ಲೀಪರಿಗೆ ತಲೆಗೆ ನಲವತ್ತು ಕೆಜಿ ಫ್ರೀ.
ಮೇಲಿನ ಹನ್ನೊಂದು ಬಿಟ್ಟುಕೊಡ್ತೀನಿ ಹೋಗಿ.'
ಮಕ್ಕಳು ನಕ್ಕರು, ಅವನು ನಕ್ಕ.
ಜಯಶೀಲಮ್ಮ ನಗಲಿಲ್ಲ;
ಅವಳು ಆಗಲೇ ಹನ್ನೊಂದರಿಂದ ಭಾಗಿಸುತ್ತಿದ್ದಳು.
ನಾನೂ.
ನಮ್ಮ ರಿಜಿಸ್ಟರಿನಲ್ಲೂ ಸಿಗ್ನಲ್ಲಿನವೇ ಬಣ್ಣ:
ಹಸಿರಲ್ಲಿ ನಾಲ್ಕು, ಹಳದಿಯಲ್ಲಿ ಆರು,
ಕೆಂಪಿನಲ್ಲಿ ಸೆಲ್ವಿ.

ಗೇಟಿನ ಹತ್ತಿರ, ನೆರಳಿಗೆ ಕೂರಿಸಿ
ಮೊಟ್ಟೆ ಸುಲಿದು ಕೊಟ್ಟೆವು.
ಸೆಲ್ವಿಗೆ ಎರಡು. ಲೆಕ್ಕದಲ್ಲಿ ಒಂದು.
ಒಂದನ್ನು ತಿಂದಳು.
ಇನ್ನೊಂದು ಫ್ರಾಕಿನ ಜೇಬಿಗೆ ಇಳಿಯಿತು.
ಯಾರಿಗೆ ಅಂತ ನಾನು ಕೇಳಲಿಲ್ಲ.

ವಾಪಸು ಬರುವಾಗ
ಅಂಡರ್‌ಪಾಸಿನ ನೆತ್ತಿಯ ಮೇಲೆ ಗಾಡಿ ಹೋಯಿತು.
ಝೊಂಯ್. ಆಮೇಲೆ ನಡುಕ. ಆಮೇಲೆ ಏನೂ ಇಲ್ಲ.
ಯಾರೂ ತಲೆಯೆತ್ತಲಿಲ್ಲ.
ಯಲ್ಲಾಲಿಂಗ ಮಾತ್ರ, ಹಗ್ಗದ ಗಂಟು ಬಿಡದೆ,
'ಲೇಟಾಗೇತಿ' ಅಂದ.