ಗೆರಿ ನಮ್ಮವು, ಚುಕ್ಕಿ ಅವರವು

ಬೂದಕೋಳಿ ಕಾವಿಗೆ ಬಂದದ್ದು
ಮೊದಲು ಗೊತ್ತಾಗಿದ್ದು ದನಿಯಾಗ.
ನಿನ್ನೆತನಕ ಓಣಿ ಕೇಳಂಗ ಕೊಕ್ಕೋ ಅಂತಿದ್ದದ್ದು
ಇವತ್ತು ಗಂಟಲ ತಳದಾಗ ಏನೋ ಬೀಸಿದಂಗ
ಕ್ಲುಕ್, ಕ್ಲುಕ್.
ಕೈ ಚಾಚಿದರ ಮೈಯೆಲ್ಲ ಮುಳ್ಳು ಮಾಡಿ
ಹೆಬ್ಬೆರಳಿನ ಸಂದಿಗೆ ಕುಟುಕಿತು.
ಕುಂದರ್ತೀಯಾ, ಕುಂದ್ರು ಮತ್ತ, ಅಂದೆ.

ಹಟ್ಟಿಯ ಗಣಿ ಕ್ವಾರ್ಟರ್ಸಿನ ಹಿತ್ತಲು ಅಂದರ
ಒಂದು ನುಗ್ಗಿಗಿಡ, ಒಂದು ಬಚ್ಚಲ ಮೋರಿ,
ನಡುವ ಹೊರಸು ಹಾಕುವಷ್ಟು ಜಾಗ.
ತೊಗರಿಕಟ್ಟಿಗಿ ಪುಟ್ಟಿ ತಂದು
ತಳಕ್ಕ ಒಲಿಬೂದಿ, ಹೇನಿಗೆ ಅಂತ ಬೇವಿನೆಲಿ,
ಮ್ಯಾಲ ಸಜ್ಜಿ ಹೊಟ್ಟು.
ಹದಿಮೂರು ತತ್ತಿ. ಎಂಟು ನಮ್ಮವು,
ಐದು ಗ್ವಾಡಿ ಆಚಿ ಲಾಲಬಿಯವು.
ಅವರ ಕೋಳಿ ಬಲು ಶ್ಯಾಣ್ಯಾ,
ಇಡತಾವ, ಕುಂದ್ರಂಗಿಲ್ಲ.
ಹುಟ್ಟಿದ್ದರಾಗ ಅರ್ಧ ಕಾವಿನ ಕೂಲಿ ಅಂತ ಮಾತಾತು.
ಒಲಿಯಾಗಿನ ಇದ್ದಲಿ ತಗಂಡು
ನಮ್ಮವಕ್ಕ ಗೆರಿ ಎಳದೆ, ಅವರವಕ್ಕ ಚುಕ್ಕಿ ಇಟ್ಟೆ,
ಇದ್ದಲಿ ಅಲ್ಲೇ ಬಿಟ್ಟೆ.

ಕೊನಿಗೆ ಅತ್ತಿ ಬಂದು ಒಂದು ಕಬ್ಬಿಣದ ಮೊಳಿ ತುರುಕಿದಳು.
ಗುಡುಗಿಗೆ ತತ್ತಿ ಕೆಡ್ತಾವ, ಇರಲಿ.
ಅತ್ತಿ ತವರು ದೇವದುರ್ಗದ ಕಡಿ,
ಅಲ್ಲಿ ಗುಡುಗು ಮ್ಯಾಲಿಂದ ಬರ್ತೈತಿ.
ಇಲ್ಲಿ ಪಾಳಿ ಮುಗಿಯೋ ಹೊತ್ತಿಗೆ
ನೆಲದೊಳಗ ಮದ್ದು ಹಾರಸ್ತಾರ,
ತಾಟು ಗಡಗಡ ಅಂತಾವ,
ಕೊಡದ ನೀರಿನ್ಯಾಗ ಉಂಗುರ ಏಳ್ತಾವ.
ಮೊಳಿ ಮಾರಿ ಯಾವ ಕಡಿ ಮಾಡಿ ಇಡಲಿ ಅಂತ ಕೇಳಿದೆ.
ಅತ್ತಿ ನಗಲಿಲ್ಲ.

ಇದನ್ನು ನೋಡಿ ಕೆಂಪುಪಡ್ಡಿಗೂ ಚಟ ಹತ್ತಿತು.
ಹೋಗಿ ಮೋರಿಕಲ್ಲಿನ ಮ್ಯಾಲ ಕಾವು ಕುಂತಿತು.
ಎಲ್ಲರೂ ಕುಂತರ ಇಡೋರು ಯಾರು?
ಅತ್ತಿ ಕಾಲದಾಗ ಮೂಗಿಗೆ ಪುಕ್ಕ ಪೋಣಸ್ತಿದ್ದರಂತ.
ನನಗ ಕೈ ಬರಲಿಲ್ಲ.
ಬಕೀಟಿನ ನೀರಾಗ ಹೊಟ್ಟಿ ಅದ್ದಿ
ಟೊಮೆಟೊ ಕ್ರೇಟಿನ ಕೆಳಗ ಮುಚ್ಚಿಟ್ಟೆ, ಮೂರು ದಿನ.
ಬಿಟ್ಟ ಕೂಡಲೇ ಕಾಳು ಹೆಕ್ಕಿತು,
ಮರತಂಗ.

ಏಳನೇ ರಾತ್ರಿ ನಮ್ಮ ಮನಿಯವರು
ಎರಡನೇ ಪಾಳಿ ಮುಗಿಸಿ ಬಂದು, ಮಾರಿ ತೊಳಿಯೂ ಮುಂಚೆ
ಮೊಬೈಲಿನ ಬೆಳಕಿಗೆ ಒಂದೊಂದೇ ತತ್ತಿ ಹಿಡಿದರು.
ದಿನಾ ಕಲ್ಲಿನ್ಯಾಗ ಗೆರಿ ನೋಡೋ ಕಣ್ಣು.
ಕೆಂಪನ್ನ ದಾರ ಹರವಿಕೊಂಡದ್ದಕ್ಕ, ಐತಿ ಅಂದರು.
ಎರಡಕ್ಕ, ಬರೇ ನೀರು ಅಂದರು.
ಒಂದು ಗೆರಿ, ಒಂದು ಚುಕ್ಕಿ. ಜಗಳಿಲ್ಲ.

ಇಪ್ಪತ್ತನೇ ದಿನ ಒಂದು ತತ್ತಿ ಕಿವಿಗೆ ಹಿಡಿದೆ.
ಒಳಗ ಟಕ್, ಟಕ್.
ಅದೇ ಹೊತ್ತಿಗೆ ಕೆಳಗ ಮದ್ದು ಹಾರಿತು.
ಪಾದ ನಡುಗಿತು, ನುಗ್ಗಿ ಹೂವು ನಾಕು ಉದುರಿದವು.
ತತ್ತಿ ಸುಮ್ಮನಾತು.
ಬೂದಕೋಳಿ ಕಣ್ಣು ಮುಚ್ಚಿ ತೆಗೀತು, ಅಷ್ಟೇ.
ನಾನು ಉಸಿರು ಬಿಡಲಿಲ್ಲ,
ಹಾಲು ಉಕ್ಕಿದ ವಾಸನಿ ಬಂದರೂ ಏಳಲಿಲ್ಲ.
ಆಮ್ಯಾಲ, ಎಷ್ಟೋ ಹೊತ್ತಿನ ಮ್ಯಾಲ,
ಟಕ್.

ಹತ್ತು ಬಂದವು.
ಒಂದು ಚೊಂಚು ಹೊರಗ ಇಟ್ಟು ಅಲ್ಲೇ ಉಳೀತು.
ಲಾಲಬಿ ಸ್ಟೀಲ್ ಬೋಗಾಣಿ ಹಿಡಿದು ಬಂದಳು.
ಸಿಪ್ಪಿ ಎಣಿಸಿದಿವಿ: ಗೆರಿ ಆರು, ಚುಕ್ಕಿ ನಾಕು.
ಮರಿ ನೋಡಿದರ
ಯಾವದರ ಮ್ಯಾಲೂ ಗೆರಿ ಇಲ್ಲ, ಚುಕ್ಕಿ ಇಲ್ಲ.
ಆ ಕರೇದು ನಮ್ಮ ಹುಂಜದ್ದ ಬಣ್ಣ ಅಂದಳು.
ನಿಮ್ಮ ಹುಂಜ ದಿನಾ ಗ್ವಾಡಿ ಹಾರಿ ಎಲ್ಲಿಗೆ ಬರ್ತೈತಿ, ಅಂದೆ.
ಸೆರಗು ಬಾಯಿಗಿಟ್ಟು ನಕ್ಕಳು, ಬಗ್ಗಿದಳು,
ಕುಟುಕಿಸಿಕೊಂಡು ಹಿಂದ ಸರಿದಳು.
ತಾಯಿ ತಾನಾಗೇ ಕುಕ್ಕಿ ಓಡಸೂತನಕ ಇಲ್ಲೇ ಇರಲಿ ಬಿಡು,
ಹದ್ದಿಗೆಷ್ಟು, ಮುಂಗಲಿಗೆಷ್ಟು ಹೋಗಲಿ,
ಉಳದದ್ದರಾಗ ನೋಡೂನು.

ಸಂಜಿಮುಂದ ಪುಟ್ಟಿ ಝಾಡಿಸಾಕ ಹೋದರ
ಕೆಂಪುಪಡ್ಡಿ ಅದರಾಗ ಕುಂತಿತ್ತು,
ರೆಕ್ಕಿ ಅಗಲಿಸಿ, ಕಣ್ಣು ಕೆಂಪು ಮಾಡಿ.
ಕೆಳಗ ಕೈ ತೂರಿಸಿದೆ.
ಇದ್ದಲಿ ಚೂರು, ಮೊಳಿ.
ಮೊಳಿ ಬೆಚ್ಚಗಿತ್ತು.