ತಿರುಗಣಿ

ಪೀಕಿಂಗಿನ ಅರಮನೆ ಬಾಗಿಲು
ನನ್ನ ಬಳಿ ಇದ್ದದ್ದು ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ,
ಅಕ್ಟೋಬರ್ ತಿಂಗಳ ನೆತ್ತಿಯ ಮೇಲೆ.
ಶಾಲೆಯ ವಸ್ತುಪ್ರದರ್ಶನಕ್ಕೆ ಮರದಲ್ಲಿ ಅದರ ಮಾದರಿ ಬೇಕಿತ್ತು.
ದೊಡ್ಡಪೇಟೆಯ ಮೌನೇಶಾಚಾರ್ರು
ಹಾಳೆಯನ್ನು ಹಲಗೆಗೆ ಹರಡಿ, ಮೂಲೆಗೆ ಉಳಿಯಿಟ್ಟು
ಮೊದಲು ಮೊಳೆ ಎಣಿಸಿದರು.
ಅಡ್ಡ ಒಂಬತ್ತು, ಉದ್ದ ಒಂಬತ್ತು.
"ಎಂಬತ್ತೊಂದು! ಅಲ್ಲೂ ಆನೆ ಕಾಟವಾ ಮೇಷ್ಟ್ರೆ?"

ಒಂಬತ್ತು ಅಲ್ಲಿ ದೊರೆಯ ಅಂಕಿ, ಎಂದೆ.
ಗೋಡೆಗೆ ಐದು ಕಂಡಿ; ನಡುವಿನದು ದೊರೆಗೆ.
ರಾಣಿ, ಮದುವೆಯ ದಿನ, ಒಂದು ಸಲ.
ಪರೀಕ್ಷೆಯಲ್ಲಿ ಮೊದಲು ಬಂದ ಮೂವರು,
ಹೊರಗೆ ಬರುವಾಗ, ಅದೂ ಒಂದೇ ಸಲ.
ಉಳಿದವರೆಲ್ಲ ಪಕ್ಕದಿಂದ.
ಆಚಾರ್ರು ನಕ್ಕರು: "ಸವೆದಿರೋದು ಪಕ್ಕದ ಹೊಸ್ತಿಲೇ ಬಿಡಿ."

ಆಮೇಲೆ ಕೇಳಿದ್ದು ನಾನೆಲ್ಲೂ ಓದಿರದ ಮಾತು:
"ಇದು ತಿರುಗೋದು ಎಲ್ಲಿ?
ಹಲಗೆ, ಬಣ್ಣ, ಮೊಳೆ ಎಲ್ಲಾ ಆಮೇಲಿಂದು.
ಮೊದಲು ಭಾರ ಕೂರೋ ಜಾಗ ತೋರ್ಸಿ."
ಚಿತ್ರದಲ್ಲಿ ಆ ಜಾಗಕ್ಕೆ ನೆರಳು ಬಿದ್ದಿತ್ತು.
ಅದರ ಕೆಳಗೆ ಸೀರೆ ಅಂಗಡಿಯ ಹೆಸರು.

ಭಾನುವಾರ ದುರ್ಗದ ಕೋಟೆ ಹತ್ತಿದೆವು.
ಅಲ್ಲಿಯ ದೊರೆಗೆ ಬಾಗಿಲು ತೋರಿಸಬೇಕಿತ್ತು,
ಇಲ್ಲಿಯವನಿಗೆ ಬಚ್ಚಿಡಬೇಕಿತ್ತು.
ಬಂಡೆಯ ಮಗ್ಗುಲಲ್ಲಿ ಹಾವಿನಂತೆ ಹೊರಳುತ್ತದೆ ದಾರಿ;
ಆನೆ ಓಡಿಬಂದು ಗುದ್ದಲು
ನಾಲ್ಕು ಹೆಜ್ಜೆ ಬಯಲೂ ಬಿಟ್ಟಿಲ್ಲ.
ಕಲ್ಲಿನ ಸಂದಿಗೆ ಆಚಾರ್ರ ಉಗುರು ಹೋಗಲಿಲ್ಲ.
ಕದ ಮಾತ್ರ ಇಲ್ಲ. ಯಾವಾಗಲೋ ಹೋಯಿತು,
ಸೌದೆಗೋ, ಸುಲಿಗೆಗೋ, ಯಾರದೋ ಮನೆಯ ಅಟ್ಟಕ್ಕೋ.

ಅವರು ಮಂಡಿಯೂರಿದರು.
ಹೊಸ್ತಿಲ ಮೂಲೆಯಲ್ಲಿ ಬೊಗಸೆಯಷ್ಟು ಕುಳಿ:
ಕಡಲೆಕಾಯಿ ಸಿಪ್ಪೆ, ಒಂದು ಬಳೆಚೂರು, ಮೊನ್ನೆಯ ಮಳೆ.
ಬೆರಳಲ್ಲಿ ಬಳಿದು ತೆಗೆದರೆ ಒಳಗೆ ಕಲ್ಲು
ಕಣ್ಣುಗುಡ್ಡೆಯಷ್ಟು ನುಣುಪು.
"ಮುಟ್ಟಿ ನೋಡಿ. ಈ ಕಡೆ ಹೆಚ್ಚು ಸವೆದೈತೆ.
ಕದ ಜೋತಿತ್ತು.
ದಿನಾ ಬೆಳಿಗ್ಗೆ ಯಾವನೋ ಹೆಗಲು ಕೊಟ್ಟು ಎತ್ತಿ ತಳ್ಳವ್ನೆ.
ಶಾಸನದಾಗೆ ಅವನ ಹೆಸರಿಲ್ಲ. ಹೆಗಲು ಇಲ್ಲೈತೆ."

ಚೀನಾದಲ್ಲೂ ಹಿಂಗೇ, ಅಂದರು,
ನಿನ್ನೆ ಹೋಗಿ ಬಂದವರ ಹಾಗೆ.
ಒಂಬತ್ತು ಸಾಲು ಮೊಳೆ ಬಡಿದರೂ
ಮರ ನಿಲ್ಲೋದು ಕಲ್ಲಿನ ಕುಳಿಯಾಗೆ.
ಜೇಬಿನಿಂದ ಪುಟ್ಟ ಸೀಸೆ ತೆಗೆದರು. ಹರಳೆಣ್ಣೆ.
ಮೂರು ಹನಿ ಬಿಟ್ಟರು.
ನಾನೇನೂ ಕೇಳಲಿಲ್ಲ.

ಕಾವಲಿನ ಬೋರಯ್ಯ ಸೀಟಿ ಊದಿದ:
"ಹೊತ್ತಾಯ್ತು, ಬಾಗಿಲು ಹಾಕ್ಬೇಕು, ಇಳೀರಿ ಇಳೀರಿ."
ಇಬ್ಬರೂ ಬರಿದಾದ ಬಾಗಿಲವಾಡದತ್ತ ನೋಡಿದೆವು.
ಆಚೆ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು
ತಮ್ಮ ಪಾಡಿಗೆ ತಿರುಗುತ್ತಿದ್ದವು.
ಕೆಳಗೆ ಟಿಕೆಟ್ ಮನೆ ಮುಂದಿನ ಕಬ್ಬಿಣದ ಗೇಟು
ಕಿರ್ರೋ ಎಂದಿತು.
ಆಚಾರ್ರು ಮೆಟ್ಟಿಲ ಮೇಲೆ ನಿಂತು
ಮತ್ತೆ ಜೇಬು ತಡಕಿದರು.