ಐನೂರು ಪದ ಮೀರದಂತೆ

ಕಿನ್ನಿಮೂಲ್ಕಿಯ ಬೇಕರಿಯ ಮೇಲಿನ ಕೋಣೆಯಲ್ಲಿ
ನನ್ನ ಕೆಲಸ, ಬೇರೆಯವರ 'ನಾನು'ಗಳನ್ನು ತಿದ್ದುವುದು.
ಕೆಳಗೆ ಬನ್ನು ಉಬ್ಬುತ್ತದೆ, ಮೇಲೆ ಮಕ್ಕಳು.
ಪ್ರಬಂಧಕ್ಕೆ ಆರುನೂರು ರೂಪಾಯಿ,
ಅಕ್ಕ ತಂಗಿ ಒಟ್ಟಿಗೆ ಬಂದರೆ ಸಾವಿರ.

ಪ್ರಶ್ನೆ ಪ್ರತಿ ವರ್ಷ ಅದೇ, ಅಂಗಿ ಮಾತ್ರ ಬೇರೆ:
ನಿನ್ನನ್ನು ನೀನಾಗಿಸಿದ್ದು ಯಾವುದು?
ಹದಿನೇಳು ತುಂಬಿದವರು ಪೆನ್ನಿನ ತುದಿ ಕಚ್ಚುತ್ತಾರೆ.
ಅಷ್ಟರೊಳಗೆ ಎಂತ ಆಗಿರುತ್ತದೆ ಮಾರಾಯ್ರೆ?
ಒಂದು ಟೈಫಾಯ್ಡು, ಭಾಷಣದಲ್ಲಿ ಎರಡನೇ ಬಹುಮಾನ,
ಸ್ಕೂಟರಿನಿಂದ ಬಿದ್ದ ಮೊಣಕಾಲು.

ಸಮೀಕ್ಷಾ ಕುಂದರ್ ಮೊದಲು ಬರೆದು ತಂದದ್ದು ಐಸಿನ ಬಗ್ಗೆ.
ಅಪ್ಪ ಮಲ್ಪೆಯ ಐಸ್ ಪ್ಲಾಂಟಿನಲ್ಲಿ.
ರಾತ್ರಿ ಪಾಳಿ ಮುಗಿಸಿ ಬಂದ ಕೈಗಳನ್ನು
ಚಹಾದ ಲೋಟಕ್ಕೆ ಸುತ್ತಿ ಕೂರುತ್ತಾರೆ.
ಬೆರಳು ತಿರುಗಿ ತಮ್ಮದಾಗುವವರೆಗೆ
ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.
ಇನ್ನೂರ ಹನ್ನೊಂದು ಪದ.
'ಮತ್ತೆ ಎಂತ ಆಯಿತು?' ಅಂದೆ.
'ಮತ್ತೆ ಚಹಾ ಕುಡೀತಾರೆ.'

ನಾನು ಹೇಳಿದ್ದು ನೆನಪಿದೆ, ಮರೆಯುವ ಹಾಗಿಲ್ಲ.
'ಅಲ್ಲಿ ಕೂತವರು ದಿನಕ್ಕೆ ನೂರು ಓದುತ್ತಾರೆ ಮಗಾ,
ಒಂದು ಪೆಟ್ಟು ಬೇಕು. ಒಂದು ನಷ್ಟ.
ಅದರಿಂದ ನೀನು ಎದ್ದು ನಿಂತದ್ದು.'

ಮುಂದಿನ ಶನಿವಾರ ಅಪ್ಪ ಸತ್ತಿದ್ದರು.
ನಾನೂರ ತೊಂಬತ್ತೆಂಟು ಪದಗಳಲ್ಲಿ
ಆಳಸಮುದ್ರದ ಬೋಟು, ಗಾಳಿ, ಮೂರು ದಿನದ ಹುಡುಕಾಟ,
ದಡದಲ್ಲಿ ನಿಂತ ಒಂಬತ್ತರ ಹುಡುಗಿ
ಸಾಗರವಿಜ್ಞಾನ ಓದಿಯೇ ತೀರುವೆನೆಂದು ಪಣ ತೊಟ್ಟದ್ದು.
ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ.
ನನಗೆ ಮೈ ಜುಮ್ಮೆಂದಿತು. ನಾಚಿಕೆಯ ಸಂಗತಿ,
ಐಸ್ ಪ್ಲಾಂಟು ನೆನಪಾದದ್ದು ಆಮೇಲೆ.

ಕೇಳಬೇಕಿತ್ತು.
ಒಂದು ಅಲ್ಪವಿರಾಮ ಸರಿಸಿ
ಅಂಚಿನಲ್ಲಿ ಹಸಿರು ಶಾಯಿಯಲ್ಲಿ 'ಚೆನ್ನಾಗಿದೆ' ಅಂತ ಬರೆದೆ.

ಸೋಮವಾರ ಸಂಜೆ ಸತ್ತವರು
ಮೆಟ್ಟಿಲು ಹತ್ತಿ ಬಂದು ಚಪ್ಪಲಿ ಹೊರಗೆ ಬಿಟ್ಟರು.
ಇಸ್ತ್ರಿಯ ಅಂಗಿ, ಜೇಬಿನಲ್ಲಿ ಬಾಕಿ ಮುನ್ನೂರು,
ತೊಟ್ಟೆಯಲ್ಲಿ ಐಸು ಹಾಕಿದ ಬಂಗುಡೆ.
'ನಿಮಗೆ ಮೀನು ಆಗ್ತದಲ್ಲ ಟೀಚರ್?'
'ಆಗ್ತದೆ.'
'ಅವಳು ಬರೆದದ್ದು ನನ್ನ ಬಗ್ಗೆಯಂತೆ,
ಕೇಳಿದರೆ ತೋರಿಸುವುದಿಲ್ಲ. ಹೆಸರಾದರೂ ಉಂಟಾ?'

ಹಾಳೆ ಮೇಜಿನ ಮೇಲೆಯೇ ಇತ್ತು.
ಇಂಗ್ಲಿಷು ಅವರಿಗೆ ಇಳಿಸಿದ ಶಟರು.
ತೋರುಬೆರಳನ್ನು ಮೆಲ್ಲನೆ ಒಂದು ಸಾಲಿನ ಮೇಲಿಟ್ಟರು,
ಸರಿಯಾಗಿ ತಾವು ಮುಳುಗುವ ಜಾಗದಲ್ಲಿ.
'ಇಲ್ಲಿಂದ ಓದಿ,' ಅಂದರು.

ಓದಿದೆ.
ಹಾಳೆ ನೋಡುತ್ತ ಹಾಳೆಯಲ್ಲಿಲ್ಲದ್ದನ್ನು,
ಆ ಲೋಟ, ಆ ಕೈ, ಆ ಮಾತಿಲ್ಲದ ಅರ್ಧ ಗಂಟೆ,
ನೆನಪಿದ್ದಷ್ಟು, ಕನ್ನಡದಲ್ಲಿ.
ಕೇಳುತ್ತ ಕೇಳುತ್ತ ಅವರು
ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.
'ಇಷ್ಟು ಬರೆದದ್ದರಲ್ಲಿ ಇಷ್ಟೇ ಇರುವುದಾ?'
'ಇಂಗ್ಲಿಷಿಗೆ ಪದ ಜಾಸ್ತಿ ಬೇಕು,' ಅಂದೆ.
ಅದು ಅವರಿಗೆ ಸರಿಕಂಡಿತು.
ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ತಿರುಗಿ,
'ಸಕ್ಕರೆ ಹಾಕುವವಳು ಅವಳೇ. ಅದನ್ನು ಬರೆದಿಲ್ಲ ನೋಡಿ.'

ರಾತ್ರಿ ನಳದ ಕೆಳಗೆ ಬಂಗುಡೆ ಹಿಡಿದುಕೊಂಡೇ
ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹೇಳಿದೆ,
'ನಿನ್ನ ಅಪ್ಪ ಬಂದಿದ್ದರು.'
ಆ ಕಡೆ ತುಂಬ ಹೊತ್ತು ಬರೀ ಫ್ಯಾನಿನ ಸದ್ದು.
ಬಯ್ಯಲು ನನಗೆ ಯಾವ ಹಕ್ಕು?
'ಎಷ್ಟು ಚಮಚ ಸಕ್ಕರೆ?' ಅಂತ ಕೇಳಿದೆ.

'ಅವರಿಗೆ ಮೂರು ಬೇಕು,' ಮೂಗು ಒರೆಸಿಕೊಂಡಳು,
'ಡಾಕ್ಟರು ಬೇಡವೇ ಬೇಡ ಅಂದಿದ್ದಾರೆ.
ನಾನು ಒಂದು ಹಾಕಿ,
ಚಮಚವನ್ನು ಮೂರು ಸಲ ಲೋಟಕ್ಕೆ ತಾಗಿಸುತ್ತೇನೆ,
ಅವರಿಗೆ ಕೇಳುವ ಹಾಗೆ.'

ನಳ ನಿಲ್ಲಿಸಿದೆ.
'ಇನ್ನೊಮ್ಮೆ ಹೇಳು,' ಅಂದೆ.